ಗೊಬ್ಬರದ ಚೀಲದಲ್ಲಿ ಎರಡು ಬಗೆಯ ಬಂಧ

ವಿದ್ಯಾರ್ಥಿಗಳೆ, “ನೀರಿನಲ್ಲಿ ಕರಗಿದರೆ ಅಯಾನಿಕ, ಕರಗದಿದ್ದರೆ ಸಹವೇಲೆನ್ಸೀಯ” ಎಂದು ಬಾಯಿಪಾಠ ಮಾಡಿದವರು ನಿಮ್ಮಲ್ಲಿ ಬಹಳ ಮಂದಿ. ಉಪ್ಪು ನೀರಿನಲ್ಲಿ ಕರಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಎಣ್ಣೆಗೆ ಇಳಿಯುತ್ತದೆಯೇ ಹೊರತು ನೀರಿಗಲ್ಲ. ಇಷ್ಟನ್ನೇ ನೋಡಿದರೆ ಸೂತ್ರ ಸರಿ ಎನಿಸುತ್ತದೆ. ಆದರೆ ಗುತ್ತಲದ ಸುತ್ತಿನ ಒಕ್ಕಲು ಮನೆಗಳಲ್ಲಿ ಇದನ್ನು ಸುಳ್ಳು ಮಾಡುವ ಎರಡು ಚೀಲಗಳಿರುತ್ತವೆ: ಯೂರಿಯಾ ಮತ್ತು ಪೊಟ್ಯಾಷ್.

ಎರಡೂ ನೀರಿನಲ್ಲಿ ಸಲೀಸಾಗಿ ಕರಗುತ್ತವೆ. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಅದರಲ್ಲಿ ಪೊಟ್ಯಾಸಿಯಂ ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟುಬಿಟ್ಟಿದೆ. ಕರಗಿದಾಗ ವಿದ್ಯುದಾವೇಶದ ಅಯಾನುಗಳು ಬೇರೆ ಬೇರೆಯಾಗಿ ಓಡಾಡುತ್ತವೆ. ಯೂರಿಯಾದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡಿವೆ. ಅದರ ಅಣು ನೀರಿನಲ್ಲಿಯೂ ಇಡಿಯಾಗಿಯೇ ಉಳಿಯುತ್ತದೆ, ಸಕ್ಕರೆಯಂತೆ. ಯೂರಿಯಾ 133 ಡಿಗ್ರಿ ಸೆಲ್ಸಿಯಸ್‌ನಲ್ಲೇ ದ್ರವವಾಗುತ್ತದೆ, ಪೊಟ್ಯಾಷಿಗೆ 770 ಡಿಗ್ರಿ ಬೇಕು.

ಪರೀಕ್ಷಿಸಬೇಕೆ? ನಾಲ್ಕು ಟಾರ್ಚ್ ಸೆಲ್ಲು, ಒಂದು ಕೆಂಪು ಎಲ್‌ಇಡಿ ದೀಪ, ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್, ತುಂಡು ವೈರು ಸಾಕು. ಪೆನ್ಸಿಲ್ಲಿನ ತುದಿಗಳನ್ನು ದ್ರಾವಣದಲ್ಲಿ ಇಳಿಸಿ, ಒಂದಕ್ಕೊಂದು ತಾಗಬಾರದು. ಮೊದಲು ಉಪ್ಪುನೀರಿನಲ್ಲಿ ನೋಡಿ, ದೀಪ ಹತ್ತದಿದ್ದರೆ ಅದರ ಕಾಲುಗಳನ್ನು ಅದಲುಬದಲು ಮಾಡಿ. ಬೋರಿನ ನೀರು ಮಾತ್ರ ಬೇಡ. ಅದರಲ್ಲಿ ಮೊದಲೇ ಲವಣಗಳಿರುವುದರಿಂದ ಯೂರಿಯಾ ಹಾಕಿದರೂ ದೀಪ ಮಿಣುಕೀತು! ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತನ್ನಿ. ಪಾಲಕರು ಜೊತೆಗಿರಲಿ, ಮನೆಯ ಕರೆಂಟನ್ನು ಯಾವ ಕಾರಣಕ್ಕೂ ಬಳಸಕೂಡದು. ಉಪ್ಪು, ಪೊಟ್ಯಾಷ್ ದ್ರಾವಣಗಳಲ್ಲಿ ತುಸು ಕ್ಲೋರಿನ್ ಏಳುವುದರಿಂದ ಕಿಟಕಿ ತೆರೆದು ಬೇಗ ಮುಗಿಸಿ.

ಬಣ್ಣ ನೋಡಿ ಮೋಸಹೋಗಬೇಡಿ. ಕೆಲವು ಪೊಟ್ಯಾಷಿನ ಕೆಂಪು ಕಬ್ಬಿಣದ ಆಕ್ಸೈಡಿನದು.

“ಲೋಹವಿದ್ದರೆ ಮಾತ್ರ ಅಯಾನಿಕ” ಎಂಬ ಇನ್ನೊಂದು ಸೂತ್ರವೂ ಪೂರ್ತಿ ನಂಬತಕ್ಕದ್ದಲ್ಲ. 1828ರಲ್ಲಿ ಜರ್ಮನಿಯ ಫ್ರೆಡರಿಕ್ ವೋಲರ್ ಅಮೋನಿಯಂ ಸಯನೇಟಿನಿಂದ ಯೂರಿಯಾ ತಯಾರಿಸಿದ. ಅಮೋನಿಯಂ ಸಯನೇಟಿನಲ್ಲಿ ಲೋಹವೇ ಇಲ್ಲ, ಆದರೂ ಅದು ಅಯಾನಿಕ. ಯೂರಿಯಾ ಸಹವೇಲೆನ್ಸೀಯ. ಎರಡರಲ್ಲೂ ಇರುವುದು ಅವೇ ಪರಮಾಣುಗಳು, ಅಷ್ಟೇ ಸಂಖ್ಯೆಯಲ್ಲಿ!

ದೀಪದ ಪರೀಕ್ಷೆಗೂ ಒಂದು ಅಪವಾದವುಂಟು. ಹೈಡ್ರೋಜನ್ ಕ್ಲೋರೈಡ್ ಅನಿಲ ಸಹವೇಲೆನ್ಸೀಯ. ನೀರಿಗೆ ಸೇರಿದೊಡನೆ ಅಯಾನುಗಳಾಗಿ ಒಡೆದು ದೀಪ ಹೊತ್ತಿಸುತ್ತದೆ. ಪ್ರಯೋಗಾಲಯದ ಹೈಡ್ರೋಕ್ಲೋರಿಕ್ ಆಮ್ಲ ಅದೇ.