ಜಿಯೋಲೈಟ್ ಪುಡಿ: ಫೀಡಿಗೆ ಬೇಡ, ಹೊಟ್ಟಿಗೆ ಹಾಕಿ

ಮಳೆ ಹಿಡಿದ ಮೇಲೆ ನಮ್ಮ ಕಡೆ ಕೋಳಿ ಶೆಡ್ಡುಗಳಿಗೆ ಪುಡಿ ಚೀಲ ಮಾರೋರ ಓಡಾಟ ಜಾಸ್ತಿ ಆಗಿದೆ. ಜಿಯೋಲೈಟ್, ಬೆಂಟೋನೈಟ್, ಎಲ್ಲಾ 'ನೈಸರ್ಗಿಕ ಖನಿಜ'. ಟನ್ ಫೀಡಿಗೆ 10 ಕೆಜಿ ಸೇರಿಸಿ, ಎಫ್‌ಸಿಆರ್ ಇಳಿಯುತ್ತೆ, ವಾಸನೆ ಹೋಗುತ್ತೆ, ಔಷಧಿ ಖರ್ಚು ಉಳಿಯುತ್ತೆ ಅಂತಾರೆ. ಪುಡಿಯಲ್ಲಿ ಗುಣ ಇಲ್ಲ ಅಂತ ನಾನು ಹೇಳ್ತಿಲ್ಲ. ಎಲ್ಲಿ ಹಾಕಬೇಕು ಅನ್ನೋದರಲ್ಲೇ ನನ್ನ ತಕರಾರು.

ಕಂಪನಿ ಕೋಳಿ ಸಾಕೋರಿಗಂತೂ ಫೀಡಿಗೆ ಬೇಡವೇ ಬೇಡ. ಮರಿ ಅವರದು, ಫೀಡು ಅವರದು, ನಮಗೆ ಸಿಗೋದು ಕೆಜಿ ಲೆಕ್ಕದ ಸಾಕಣೆ ಕೂಲಿ. ಆ ಫೀಡಿಗೆ ಸಾಮಾನ್ಯವಾಗಿ ಟಾಕ್ಸಿನ್ ಬೈಂಡರ್ ಸೇರಿಸಿಯೇ ಕಳಿಸಿರ್ತಾರೆ, ಅದರಲ್ಲಿ ಹೆಚ್ಚಾಗಿ ಇರೋದು ಇದೇ ಜಾತಿಯ ಜೇಡಿಮಣ್ಣು. ಮತ್ತೆ ನಮ್ಮ ದುಡ್ಡಲ್ಲಿ ಯಾಕೆ? ಪೆಲೆಟ್ ಫೀಡಿಗೆ ಪುಡಿ ಅಂಟೋದೂ ಇಲ್ಲ, ಫೀಡರ್ ತಳದಲ್ಲಿ ಕೂತಿರುತ್ತೆ. 5000 ಕೋಳಿ ತಲಾ 3.5 ಕೆಜಿ ತಿಂದರೆ ಬ್ಯಾಚಿಗೆ 17.5 ಟನ್, ಅದರ ನೂರಕ್ಕೆ ಒಂದು ಪಾಲು ಅಂದ್ರೆ 175 ಕೆಜಿ ಕಲ್ಲಿನ ಪುಡಿ. ಅದರಲ್ಲಿ ಶಕ್ತಿನೂ ಇಲ್ಲ, ಪ್ರೋಟೀನೂ ಇಲ್ಲ.

ಸ್ವಂತ ಫೀಡು ಮಾಡ್ಕೊಳ್ಳೋರ ವಿಷಯ ಬೇರೆ. ಮೆಕ್ಕೆಜೋಳ ಕೊಯ್ಲಿಗೂ ಮಳೆಗೂ ಒಟ್ಟಿಗೆ ಬಿದ್ದ ವರ್ಷ ಕಾಳಿನ ತೇವ ಇಳಿಯೋದೇ ಇಲ್ಲ, ಅಫ್ಲಾಟಾಕ್ಸಿನ್ ಬರೋದು ಅಲ್ಲಿಂದಲೇ. 1960ರಲ್ಲಿ ಇಂಗ್ಲೆಂಡಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತಿದ್ದು ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು. ಈ ವಿಷ ಪತ್ತೆ ಆಗಿದ್ದೇ ಆವಾಗ. ಬೆಂಟೋನೈಟ್ ತನ್ನ ಪದರಗಳ ನಡುವೆ ಅಫ್ಲಾಟಾಕ್ಸಿನ್ ಹಿಡಿದುಕೊಂಡು ಹಿಕ್ಕೆಯಲ್ಲಿ ಹೊರಗೆ ಸಾಗಿಸುತ್ತೆ, ಇದು ನಿಜ. ಆದ್ರೆ ಟಿ-2 ತರದ ಬೇರೆ ಬೂಸ್ಟಿನ ವಿಷಗಳ ಮೇಲೆ ಅದರ ಆಟ ಅಷ್ಟಾಗಿ ನಡೆಯಲ್ಲ. ಹಾಗಾಗಿ ಕಪ್ಪು ಹಿಡಿದ ಜೋಳ ಅಗ್ಗಕ್ಕೆ ತಂದು ಪುಡಿ ಸೇರಿಸಿದ್ರೆ ಆಯ್ತು ಅನ್ನೋ ಲೆಕ್ಕ ಬೇಡ. ಇನ್ನೊಂದು, ಈ ಮಣ್ಣು ಕೆಲವು ಔಷಧಿಯನ್ನೂ ಹಿಡಿದಿಡುತ್ತೆ. ಟೈಲೋಸಿನ್ ಕೊಡ್ತಾ ಇರುವಾಗ ಬೆಂಟೋನೈಟ್ ಹಾಕಿದ್ರೆ ಔಷಧಿಯ ದುಡ್ಡು ಹಿಕ್ಕೆಗೆ ಹೋಗಬಹುದು. ಪಶುವೈದ್ಯರನ್ನ ಕೇಳದೆ ಎರಡೂ ಒಟ್ಟಿಗೆ ಕೊಡಬೇಡಿ.

ಜಿಯೋಲೈಟ್ ನಿಜವಾಗಿ ದುಡಿಯೋದು ನೆಲದ ಮೇಲೆ. ಹಿಕ್ಕೆ ಕೊಳೆತು ಹುಟ್ಟೋ ಅಮೋನಿಯಾ ಹೊಟ್ಟಿನ ತೇವದಲ್ಲಿ ಅಮೋನಿಯಂ ಆಗಿರುವಾಗ ಅದನ್ನ ಹಿಡಿದು ಆ ಜಾಗದಲ್ಲಿ ಸೋಡಿಯಂ, ಕ್ಯಾಲ್ಸಿಯಂ ಬಿಟ್ಟುಕೊಡುತ್ತೆ. ಗಾಳಿಯಲ್ಲಿ ಅಮೋನಿಯಾ 25 ಪಿಪಿಎಂ ದಾಟಿದ್ರೆ ಕೋಳಿಯ ಕಣ್ಣು, ಶ್ವಾಸನಾಳಕ್ಕೆ ಪೆಟ್ಟು. ದಿನಾ ಒಳಗಿರೋ ನಮ್ಮ ಮೂಗು ಒಗ್ಗಿಹೋಗಿರುತ್ತೆ, ಅದನ್ನ ನಂಬಬೇಡಿ. ಹೊರಗಿಂದ ಬಂದೋರನ್ನ ಕೋಳಿ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂರಿಸಿ ಕೇಳಿ.

ನಾನು ಮರಿ ಬರೋಕೆ ಮುಂಚೆ 100 ಚದರ ಅಡಿಗೆ 5 ಕೆಜಿ ಲೆಕ್ಕದಲ್ಲಿ ಭತ್ತದ ಹೊಟ್ಟಿಗೆ ಬೆರೆಸ್ತೀನಿ, ನಿಪ್ಪಲ್ ಲೈನಿನ ಕೆಳಗೆ ಸ್ವಲ್ಪ ಜಾಸ್ತಿ. ಮೂಗಿಗೆ ಬಟ್ಟೆ ಕಟ್ಕೊಳ್ಳಿ, ಆ ಧೂಳು ಒಳ್ಳೇದಲ್ಲ. ಹಿಡಿದಿಟ್ಟ ಸಾರಜನಕ ಗೊಬ್ಬರದಲ್ಲೇ ಉಳಿಯೋದ್ರಿಂದ ತೋಟಕ್ಕೂ ಲಾಭ. ಕೋಳಿ ಇರುವಾಗ ಒದ್ದೆ ಹೊಟ್ಟಿನ ಮೇಲೆ ಸುಣ್ಣ ಎರಚೋ ರೂಢಿ ಮಾತ್ರ ಬಿಡಿ. ಸುಣ್ಣ, ಬೂದಿ ಎರಡೂ ಕ್ಷಾರ, ಅಮೋನಿಯಾ ಇನ್ನೂ ಜಾಸ್ತಿ ಏಳುತ್ತೆ.

ಹಾಗಂತ ನಿಪ್ಪಲ್ ಸೋರ್ತಾ ಇದ್ರೆ, ಚಳಿ ಅಂತ ಪರದೆ ಪೂರ್ತಿ ಇಳಿಸಿಟ್ಟಿದ್ರೆ ಯಾವ ಪುಡಿಯೂ ಉಳಿಸಲ್ಲ. ಮೊದಲು ವಾಷರ್ ಬದಲಾಯಿಸಿ, ಆಮೇಲೆ ಚೀಲಕ್ಕೆ ದುಡ್ಡು ಕೊಡಿ. ಕೊಡುವಾಗಲೂ ಒಳಗಿರೋದು ಯಾವ ಖನಿಜ, ಸೀಸ, ಆರ್ಸೆನಿಕ್ ಪರೀಕ್ಷೆ ಆಗಿದೆಯಾ ಅಂತ ರಿಪೋರ್ಟ್ ಕೇಳಿ. ಮುಂದಿನ ಬ್ಯಾಚಿಗೆ ಯಾರಾದ್ರೂ ಶೆಡ್ಡನ್ನ ಮಧ್ಯೆ ಪಾರ್ಟಿಷನ್ ಮಾಡಿ ಅರ್ಧಕ್ಕೆ ಹಾಕಿ, ಅರ್ಧ ಬಿಟ್ಟು ನೋಡಿದ್ರೆ, ಲಿಫ್ಟಿಂಗ್ ದಿನ ಎರಡೂ ಕಡೆ ನೂರು ನೂರು ಕೋಳಿಯ ಅಂಗಾಲಿನ ಹುಣ್ಣು ಎಣಿಸಿ ಕೆಳಗೆ ಬರೀರಿ.