ಮನೆಯಂಗಳದ ಮೀನು: ನಮ್ಮ ತಪ್ಪೂ ನಮ್ಮ ಸಲಹೆಯೂ

ಎರಡು ವರ್ಷಗಳ ಹಿಂದೆ ಇದೇ ಅಂಕಣದಲ್ಲಿ ನಾವು ಮನೆಯಂಗಳದ ಮೀನು ಸಾಕಣೆಯನ್ನು ಬಹಳವಾಗಿ ಹೊಗಳಿ ಬರೆದಿದ್ದೆವು. ಒಂದೇ ನೀರಿನಲ್ಲಿ ಮೀನನ್ನೂ ತರಕಾರಿಯನ್ನೂ ಬೆಳೆಯುವ ಅಕ್ವಾಪೋನಿಕ್ಸ್ ಎಂಬ ಕ್ರಮವನ್ನು ಒಂದು ತರಬೇತಿ ಶಿಬಿರದಲ್ಲಿ ನೋಡಿ ಬಂದ ಉತ್ಸಾಹ ಅದು. ಅದನ್ನು ಓದಿದ ನಮ್ಮ ಧರ್ಮಕೇಂದ್ರದ ಒಂದು ಕುಟುಂಬ ಚಿನ್ನ ಅಡವಿಟ್ಟು ಮನೆಯ ಹಿಂದೆ ಟ್ಯಾಂಕಿ ಕಟ್ಟಿಸಿತು. ಆಶೀರ್ವಚನಕ್ಕೆ ನಮ್ಮನ್ನೇ ಕರೆದರು. ಹೋಗಿ ಪವಿತ್ರ ಜಲ ಚಿಮುಕಿಸಿ, ಕಾಫಿ ಕುಡಿದು ಬಂದೆವು.

ಕಳೆದ ಮೇ ತಿಂಗಳ ಒಂದು ರಾತ್ರಿ ಗಾಳಿಮಳೆಗೆ ತೆಂಗಿನ ಮಡಲು ಬಿದ್ದು ಕರೆಂಟಿನ ತಂತಿ ತುಂಡಾಯಿತು. ಬೆಳಗ್ಗೆ ಎದ್ದು ನೋಡುವಾಗ ಮಾರಾಟಕ್ಕೆ ಬಂದಿದ್ದ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವನ್ನು ತೆಂಗಿನ ಬುಡಗಳಲ್ಲಿ ಹೂತರು. ಆ ಮನೆಯ ತಾಯಿ ನಮ್ಮೆದುರು ಒಂದು ಮಾತೂ ಎತ್ತಲಿಲ್ಲ. ಎತ್ತಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು. ಈಗ ಹಿರಿಯ ಮಗ ಬಂದು, "ಫಾದರ್, ಇನ್ನು ಕ್ರೇಫಿಶ್ ಹಾಕಿದರೆ ಹೇಗೆ? ಬೆಲೆ ಜಾಸ್ತಿ ಉಂಟಂತೆ" ಎಂದು ಕೇಳಿದ್ದಾನೆ. ಅವನಿಗೆ ಕೊಡುವ ಉತ್ತರವನ್ನು ಎಲ್ಲರೂ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು, ಆ ರಾತ್ರಿ ಆದದ್ದೇನು? ಮೀನು ತಿಂದ ಆಹಾರದ ಕಶ್ಮಲ ಬಹುಪಾಲು ಕಿವಿರುಗಳ ಮೂಲಕ ಅಮೋನಿಯ ರೂಪದಲ್ಲಿ ನೀರಿಗೆ ಸೇರುತ್ತದೆ. ಅದು ಮೀನಿಗೇ ವಿಷ. ಆ ನೀರನ್ನು ಜಲ್ಲಿ ತುಂಬಿದ ಹಾಸಿಗೆಗೆ ಪಂಪಿನಿಂದ ಹಾಯಿಸಿದರೆ ಕಲ್ಲುಗಳಿಗೆ ಅಂಟಿದ ಸೂಕ್ಷ್ಮಾಣುಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೇಟನ್ನು ಗಿಡ ಹೀರುತ್ತದೆ, ಶುದ್ಧವಾದ ನೀರು ಟ್ಯಾಂಕಿಗೆ ಮರಳುತ್ತದೆ. ಜನರು ಉಂಡು ಉಳಿದ ರೊಟ್ಟಿಯ ತುಂಡುಗಳನ್ನು ಹನ್ನೆರಡು ಬುಟ್ಟಿ ತುಂಬಿಸಿದ ಪ್ರಭುವಿಗೆ ಈ ಏರ್ಪಾಡು ಇಷ್ಟವಾಗುತ್ತಿತ್ತೆಂದೇ ನಮ್ಮ ಭಾವನೆ. ಆದರೆ ಮೀನು, ಸೂಕ್ಷ್ಮಾಣು, ಬೇರು ಮೂರೂ ಅದೇ ನೀರಿನ ಆಮ್ಲಜನಕವನ್ನೇ ಬಳಸುತ್ತವೆ. ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕವಾದರೂ ಇರಬೇಕು. ಕಿಕ್ಕಿರಿದ ಟ್ಯಾಂಕಿಯಲ್ಲಿ ಪಂಪು ನಿಂತರೆ ಬೆಳಗಾಗುವುದರೊಳಗೆ ಎಲ್ಲವೂ ಮುಗಿದಿರುತ್ತದೆ. ನಮ್ಮ ಊರಿನಲ್ಲಿ ಮಳೆಗಾಲದ ಕರೆಂಟನ್ನು ನಂಬಿ ಯಾರಾದರೂ ಅಕ್ಕಿ ರುಬ್ಬಲು ಹಾಕುತ್ತಾರೆಯೇ? ಮೀನಿನ ಪ್ರಾಣವನ್ನು ಮಾತ್ರ ನಂಬಿ ಒಪ್ಪಿಸಿಬಿಡಲು ನಾವು ಹೇಳಿಕೊಟ್ಟೆವು. ತಪ್ಪು ನಮ್ಮದು.

ಇನ್ನೆರಡು ಸಂಗತಿಗಳನ್ನೂ ಆ ಬರಹದಲ್ಲಿ ಬಿಟ್ಟಿದ್ದೆವು. ಹೊಸ ಟ್ಯಾಂಕಿಯಲ್ಲಿ ಆ ಸೂಕ್ಷ್ಮಾಣುಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನೀರು ತುಂಬಿದ ಮರುದಿನವೇ ಮರಿ ತುಂಬಿಸುವುದಲ್ಲ. ಎರಡನೆಯದು, ಕಾಸರಗೋಡಿನ ಮುರಕಲ್ಲು ನೆಲದ ಬಾವಿ ಮತ್ತು ಸುರಂಗಗಳ ನೀರಿನಲ್ಲಿ ಹುಳಿ ಅಂಶ ಹೆಚ್ಚು. ಅಂತಹ ನೀರಿನಲ್ಲಿ ಸೂಕ್ಷ್ಮಾಣುಗಳ ಕೆಲಸ ನಿಧಾನ. ಚಿಪ್ಪಿನ ಚೂರುಗಳನ್ನು ಗೋಣಿಯಲ್ಲಿ ಕಟ್ಟಿ ನೀರಿಗೆ ಇಳಿಬಿಟ್ಟರೆ ಹುಳಿ ಇಳಿಯುತ್ತದೆ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ ವಾರ ಆ ನೀರನ್ನು ಟ್ಯಾಂಕಿಗೆ ಬಿಡಲೇಬಾರದು.

ಹಾಗಾದರೆ ಮೀನು ಸಾಕುವುದೇ ಬೇಡವೇ? ಬೇಕು ಎಂದೇ ನಮ್ಮ ಅಭಿಪ್ರಾಯ. ಆದರೆ ಕ್ರಮ ಬೇರೆ. ನಮ್ಮಲ್ಲಿ ಹೆಚ್ಚಿನ ಅಡಕೆ ತೋಟಗಳ ತಲೆಯಲ್ಲಿ ಒಂದು ಕೆರೆಯೋ ಮಣ್ಣಿನ ಟ್ಯಾಂಕಿಯೋ ಇದೆ. ಸುರಂಗದ ನೀರು ಹಗಲೂ ರಾತ್ರಿಯೂ ತೊಟ್ಟಿಕ್ಕಿ ಅದಕ್ಕೆ ಬೀಳುತ್ತದೆ, ಬೆಳಗ್ಗೆ ತೋಟಕ್ಕೆ ಹಾಯುತ್ತದೆ. ಅದರಲ್ಲಿ ಮೀನು ಬಿಡಿ. ಹೊರಗೆ ಹರಿಯುವ ನೀರನ್ನು ಮೊದಲು ಬಸಳೆ ಚಪ್ಪರಕ್ಕೆ, ಹರಿವೆಯ ಸಾಲಿಗೆ, ಅಲಸಂಡೆಗೆ ತಿರುಗಿಸಿ, ಆಮೇಲೆ ಕಂಗಿನ ಬುಡಕ್ಕೆ ಹೋಗಲಿ. ಜಲ್ಲಿಯೂ ಬೇಡ, ಹಗಲಿರುಳು ತಿರುಗುವ ಪಂಪೂ ಬೇಡ. ಕೆರೆಯಿಲ್ಲದವರು ಟ್ಯಾಂಕಿ ಇಡುವುದಾದರೆ 1000 ಲೀಟರಿಗೆ 20 ಕಿಲೋ ಮೀನಿಗಿಂತ ಮೇಲೆ ಹೋಗದಿರಲಿ. ಸೊಪ್ಪಿನ ಹಾಸಿಗೆ ಒಂದು ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ ಎಂಬ ಲೆಕ್ಕ ಸಾಕು. ಇದರಿಂದ ಸಾಲ ತೀರುವುದಿಲ್ಲ, ಆದರೆ ಮನೆಯ ಸಾರಿಗೆ ಸಾಕಾಗುತ್ತದೆ. ಜೂನ್ 9ರಿಂದ ಜುಲೈ ಕೊನೆಯ ತನಕ ಕೇರಳದ ಕಡಲಿನಲ್ಲಿ ಟ್ರಾಲಿಂಗ್ ನಿಷೇಧವಿರುವಾಗ, ಬೂತಾಯಿಗೂ ಬಂಗುಡೆಗೂ ಚಿನ್ನದ ಬೆಲೆ ಬಂದಿರುವಾಗ, ಮಕ್ಕಳ ಬಟ್ಟಲಿಗೆ ಒಂದು ತುಂಡು ಮೀನು ಬಿದ್ದರೆ ಅದು ಸಣ್ಣ ಲಾಭವಲ್ಲ.

ಯಾವ ಮೀನು? ಕರೆಂಟು ಹೋದರೂ ಸಾಯದ ಮೀನು. ಮುಗುಡು, ಮಡೆಂಜಿ, ಅನಾಬಸ್ ಇವು ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು. ಮೊದಲ ಮಳೆಗೆ ತೋಡಿನಿಂದ ಗದ್ದೆಗೆ ಏರಿ ಬರುತ್ತಿದ್ದ ನಮ್ಮ ಮೀನುಗಳಿವು. ಒಂದು ಎಚ್ಚರಿಕೆ: ಮುಗುಡು ಎಂದು ಹೇಳಿ ಆಫ್ರಿಕದ ಮುಗುಡಿನ ಮರಿ ಮಾರುವವರಿದ್ದಾರೆ. ಅದರ ಸಾಕಣೆಗೆ ನಮ್ಮ ದೇಶದಲ್ಲಿ ನಿಷೇಧವಿದೆ. ಎದುರು ಸಿಕ್ಕಿದ ಮೀನು, ಕಪ್ಪೆಗಳನ್ನೆಲ್ಲ ನುಂಗುವ ಜಾತಿ ಅದು. ಮರಿಗಳನ್ನು ಸರಕಾರಿ ಅಥವಾ ಅಂಗೀಕೃತ ಕೇಂದ್ರಗಳಿಂದಲೇ ತನ್ನಿ. ದೊಡ್ಡ ಕೆರೆಯಿದ್ದವರು ಕಾಟ್ಲ, ರೋಹು ಹಾಕಬಹುದು. ಅವೂ ಗಂಗೆಯ ಕಡೆಯ ಮೀನುಗಳೇ, ಆದರೆ ನಿಂತ ನೀರಿನಲ್ಲಿ ಮರಿ ಹಾಕುವುದಿಲ್ಲ.

ಈಗ ಕ್ರೇಫಿಶ್ ವಿಷಯ. ಮುಂದಿನ ಕಾಲುಗಳಲ್ಲಿ ಏಡಿಯಂತೆ ದಪ್ಪ ಕೊಂಡಿಗಳಿರುವ ಸಿಹಿನೀರಿನ ಸಿಗಡಿಯಂತಹ ಪ್ರಾಣಿ ಇದು. ಭಾರತದ ಯಾವ ಹೊಳೆಯಲ್ಲಿಯೂ ಇದರ ಜಾತಿ ಹುಟ್ಟಿದ್ದಿಲ್ಲ. ಕೆಂಪು ಕೊಂಡಿಯದು ಉತ್ತರ ಆಸ್ಟ್ರೇಲಿಯ ಮತ್ತು ನ್ಯೂಗಿನಿಯದು. ಪೊರೆ ಕಳಚಿದಾಗ ಮೈ ಮೆತ್ತಗಿರುತ್ತದೆ. ಆಗ ಒಂದನ್ನೊಂದು ತಿನ್ನುತ್ತವೆ. ರಾತ್ರಿ ಪೈಪು ಹಿಡಿದು ಟ್ಯಾಂಕಿಯಿಂದ ಹೊರಗಿಳಿದು ನೆಲದ ಮೇಲೆ ನಡೆಯುತ್ತವೆ. ಸಾಕಣೆ ಕೇಂದ್ರಗಳಿಂದ ತಪ್ಪಿಸಿಕೊಂಡ ಈ ಜಾತಿ ಆಫ್ರಿಕದ ಜಾಂಬೆಜಿ ನದಿಯಲ್ಲಿ ಹರಡಿ ಕುಳಿತಿದೆ. ಅಮೆರಿಕದ ಇನ್ನೊಂದು ಜಾತಿಯನ್ನು 1970ರ ದಶಕದಲ್ಲಿ ಸ್ಪೇನಿಗೆ ತಂದರು. ಅದು ಭತ್ತದ ಗದ್ದೆಗಳ ಬದುಗಳನ್ನು ಕೊರೆಯತೊಡಗಿತು. ಅಲಂಕಾರಕ್ಕೆಂದು ಮಾರಿದ ಮತ್ತೊಂದು ಜಾತಿಯಲ್ಲಿ ಗಂಡೇ ಇಲ್ಲ, ಒಂಟಿ ಹೆಣ್ಣೇ ಮರಿ ಹಾಕುತ್ತದೆ. ಮಡಗಾಸ್ಕರದ ಗದ್ದೆಗಳಲ್ಲಿ ಇಂದು ಅದೇ ತುಂಬಿದೆ.

"ನಮ್ಮ ಟ್ಯಾಂಕಿ ಸಿಮೆಂಟಿನದು, ಎಲ್ಲಿಗೆ ಹೋಗುತ್ತದೆ?" ಎಂದು ಆ ಹುಡುಗ ಕೇಳಿದ. ಜುಲೈಯಲ್ಲಿ ತುಂಬಿ ಹರಿಯದ ಯಾವ ಟ್ಯಾಂಕಿ ನಮ್ಮಲ್ಲಿದೆ? ಅಲ್ಲಿಂದ ತೋಡು, ತೋಡಿನಿಂದ ಶಿರಿಯ ಹೊಳೆ. 2018ರ ಮಹಾಪ್ರವಾಹದ ಬಳಿಕ ಪೆರಿಯಾರ್, ಚಾಲಕುಡಿ ನದಿಗಳಲ್ಲಿ ದಕ್ಷಿಣ ಅಮೆರಿಕದ ಅರಪೈಮ ಮೀನುಗಳು ಬಲೆಗೆ ಬಿದ್ದವು. ಅವೂ ಯಾರದೋ ಟ್ಯಾಂಕಿಗಳಲ್ಲಿ ಭದ್ರವಾಗಿದ್ದವೇ. ಹೊರದೇಶದ ಜಲಚರಗಳನ್ನು ತರಲು ಕೇಂದ್ರ ಸರಕಾರದ ಅನುಮತಿ ಬೇಕು. ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟರೆಂಬುದು ಅನುಮತಿಯಲ್ಲ. ಸಿಗಡಿಯೇ ಬೇಕೆಂದಿದ್ದರೆ ನಮ್ಮ ಹೊಳೆಗಳ ದೊಡ್ಡ ಸಿಹಿನೀರಿನ ಸಿಗಡಿಯ ಮರಿಗಳು ಸಿಗುತ್ತವೆ.

ಇನ್ನೊಂದು ವಿಷಯ ಎಲ್ಲಕ್ಕಿಂತ ಹತ್ತಿರದ್ದು. ಅಡಕೆಯ ಕೊಳೆರೋಗಕ್ಕೆ ನಾವೆಲ್ಲ ಬೋರ್ಡೋ ಸಿಂಪಡಿಸುತ್ತೇವೆ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನಲ್ಲಿರುವ ತಾಮ್ರ ಮೀನಿಗೂ ಸಿಗಡಿಗೂ ಘೋರ ವಿಷ. ನಮ್ಮಂತಹ ಹುಳಿ ನೀರಿನಲ್ಲಿ ಇನ್ನೂ ಹೆಚ್ಚು. ಸಿಂಪಡಿಸುವ ಮೊದಲು ಟ್ಯಾಂಕಿಗೆ ಟಾರ್ಪಾಲು ಹೊದೆಸಿ. ಪಂಪು, ಬಕೆಟುಗಳನ್ನು ಟ್ಯಾಂಕಿಯಲ್ಲಿ ತೊಳೆಯಬೇಡಿ. ಕಂಗಿನ ನೆರಳಿನಲ್ಲಿ ಮೀನಿನ ಟ್ಯಾಂಕಿ ಬೇಡವೇ ಬೇಡ, ಸೋಗೆಯಿಂದ ತೊಟ್ಟಿಕ್ಕುವ ನೀರು ಸಾಕು. ತರಕಾರಿಗೂ ಬೇರೆ ಮದ್ದು ಹೊಡೆಯುವಂತಿಲ್ಲ, ಹೊಡೆದರೆ ಮೀನು ಸಾಯುತ್ತದೆ. ಮನೆಯಲ್ಲಿ ಮೀನಿರುವುದರ ದೊಡ್ಡ ಉಪಕಾರ ಇದೇ ಎಂದು ನಮಗೆ ಈಗ ತೋರುತ್ತದೆ. 1970ರ ದಶಕದ ಕೊನೆಯಿಂದ 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ ಎಣ್ಮಕಜೆಯಂತಹ ಕಡೆ ತೋಡುಗಳ ಮೀನು, ಕಪ್ಪೆ, ಜೇನ್ನೊಣಗಳು ಮೊದಲು ಸತ್ತವು. ಮನುಷ್ಯರ ಸರದಿ ಆಮೇಲೆ ಬಂತು. 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸುವ ಹೊತ್ತಿಗೆ ಎಷ್ಟು ಮನೆಗಳಲ್ಲಿ ಮಕ್ಕಳು ಮಲಗಿದಲ್ಲೇ ಇದ್ದರೆಂದು ನಿಮಗೆ ಗೊತ್ತಿದೆ. ಆ ಸತ್ತ ಮೀನುಗಳನ್ನು ಕಂಡವರ ಮಾತನ್ನು ಅಂದು ಕೇಳಬೇಕಿತ್ತು.

ಮರಿ ಹಾಕುವ ಮೊದಲು ಪಂಚಾಯತಿನ ಮೀನುಗಾರಿಕಾ ಪ್ರಮೋಟರರನ್ನು ವಿಚಾರಿಸಿ. ಸಹಾಯಧನದ ಆಸೆಗೆ ದೊಡ್ಡ ಘಟಕ ಕಟ್ಟಬೇಡಿ. ಉಳಿದ ಪಾಲಿನ ಸಾಲ ನಿಮ್ಮದೇ.

ಆ ಮನೆಯ ಟ್ಯಾಂಕಿಯಲ್ಲಿ ಈಗ ನೀರಿದೆ, ಮೀನಿಲ್ಲ. ಸೊಳ್ಳೆ ಮೊಟ್ಟೆ ಇಡುತ್ತಿರುವುದರಿಂದ ಬಲೆ ಕಟ್ಟಿದ್ದಾರೆ. ಮಳೆ ಬಿಟ್ಟ ಮೇಲೆ ಐವತ್ತು ಅನಾಬಸ್ ಮರಿ ತರುವುದೆಂದು ಮಗನೊಡನೆ ಮಾತಾಗಿದೆ. ಮರಿಗಳ ಹಣ ನಾವು ಕೊಡುವುದಾಗಿ ಹೇಳಿದ್ದೇವೆ. ತಾಯಿ ಇನ್ನೂ ಒಪ್ಪಿಲ್ಲ.