ಉಸಿರಿಗೂ ಒಂದು ಸೋಸುಬಟ್ಟೆ

ನಮ್ಮ ಕಡೆಯ ಮನೆಗಳಲ್ಲಿ ಕುಡಿಯುವ ನೀರನ್ನು ಸೋಸದೆ ಕೊಡಕ್ಕೆ ತುಂಬುವುದಿಲ್ಲ. ಹಿಟ್ಟನ್ನು ಜರಡಿ ಹಿಡಿಯದೆ ನಾದುವುದಿಲ್ಲ. ಚಹಾವನ್ನೂ ಸೋಸಿಯೇ ಕೊಡುತ್ತಾರೆ. ಹೊಟ್ಟೆಗೆ ಹೋಗುವುದರ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ನಾವು ಎದೆಗೆ ಹೋಗುವುದರ ವಿಷಯದಲ್ಲಿ ಉದಾಸೀನರಾಗಿರುವುದೇಕೆ? ಮನುಷ್ಯನು ಹಗಲಿರುಳು ಸೇರಿ 21,600 ಸಲ ಉಸಿರಾಡುತ್ತಾನೆಂದು ನಮ್ಮ ಯೋಗಿಗಳು ಹಿಂದೆಯೇ ಲೆಕ್ಕ ಹಾಕಿದ್ದರು. ನಿಮಿಷಕ್ಕೆ 15ರಂತೆ ಎಣಿಸಿದರೆ ಇಂದಿನ ವೈದ್ಯರೂ ಒಪ್ಪತಕ್ಕ ಲೆಕ್ಕವೇ ಅದು.

ಕಾರು ಇರುವ ಮನೆಯವರು ಅದರೊಳಗಿನ ಗಾಳಿಯನ್ನು ಸೋಸುವ ಫಿಲ್ಟರನ್ನು ತಮ್ಮ ಕೈಯಿಂದಲೇ ಬದಲಾಯಿಸಬೇಕು ಎಂಬುದು ನನ್ನ ಅಭಿಪ್ರಾಯ. ಕಲಾ ವಿಭಾಗದ ವಿದ್ಯಾರ್ಥಿಗೆ ಈ ಮೆಕ್ಯಾನಿಕನ ವಿದ್ಯೆ ಏತಕ್ಕೆಂದು ಮಿತ್ರರು ನಗಬಹುದು. ನಗುವ ಮೊದಲು ಒಂದು ಸಂಗತಿಯನ್ನು ಕೇಳಬೇಕೆಂದು ವಿನಂತಿ.

ನಮ್ಮ ಊರು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ. ಸುತ್ತಲೂ ಕರಿನೆಲ. ಮಳೆಗಾಲದಲ್ಲಿ ಕಾಲಿಗೆ ಅಂಟಿ ಬಿಡದ ಈ ಮಣ್ಣು ಬೇಸಿಗೆಯಲ್ಲಿ ಹಿಟ್ಟಾಗಿ ಹಾರುತ್ತದೆ. ಎಳ್ಳಮಾವಾಸ್ಯೆ ಮುಗಿದು ತೊಗರಿಯ ರಾಶಿ ಆರಂಭವಾಯಿತೆಂದರೆ ಹೊಟ್ಟಿನ ಧೂಳೂ ಅದಕ್ಕೆ ಕೂಡಿಕೊಳ್ಳುತ್ತದೆ. ನನ್ನ ಸೋದರಮಾವನು ಆಳಂದದಿಂದ ಕಲಬುರಗಿಗೆ, ಸುಮಾರು 40 ಕಿ. ಮೀ. ದಾರಿ, ಬಾಡಿಗೆಯ ಕಾರು ಓಡಿಸುತ್ತಾನೆ. ಎರಡು ವರ್ಷಗಳಿಂದ ಅವನಿಗೆ ಕೆಮ್ಮು. “ಗಾಜು ಏರಿಸಿಯೇ ಓಡಿಸುತ್ತೇನಲ್ಲ, ಧೂಳು ಎಲ್ಲಿಂದ ಬರಬೇಕು?” ಎಂಬುದು ಅವನ ವಾದ. ಕಾರನ್ನು ವರ್ಷಕ್ಕೊಮ್ಮೆ ತಪ್ಪದೆ ರಿಪೇರಿಯವರಲ್ಲಿ ಬಿಡುತ್ತಿದ್ದನು. ಬಿಲ್ಲಿನಲ್ಲಿ ಫಿಲ್ಟರ್ ಬದಲಾವಣೆಗೆಂದು ಹಣವೂ ಬೀಳುತ್ತಿದ್ದಿತು.

ಕಳೆದ ಜನವರಿಯಲ್ಲಿ ನಾವಿಬ್ಬರೂ ಅಂಗಳದಲ್ಲಿ ಅದನ್ನು ಬಿಚ್ಚಿ ನೋಡಿದೆವು. ಬಿಳಿಯದಾಗಿರಬೇಕಾದ ಫಿಲ್ಟರು ಕರಿಗಂಬಳಿಯಂತಾಗಿದ್ದಿತು. ಮಡಿಕೆಗಳ ನಡುವೆ ತೊಗರಿಯ ಹೊಟ್ಟು, ಒಣಗಿದ ಎಲೆ, ಸತ್ತ ಹುಳುಗಳು. ಅದರ ಅಂಚಿನ ಮೇಲೆ ಅಚ್ಚಾಗಿದ್ದ ವರ್ಷವು ಕಾರು ಕೊಂಡ ವರ್ಷವೇ! ಮಾವನು ಬಹಳ ಹೊತ್ತು ಮಾತನಾಡಲಿಲ್ಲ. ಅವನ ಕೆಮ್ಮಿಗೆ ಅದೇ ಕಾರಣವೆಂದು ನಾನು ಹೇಳಲಾರೆ. ಅದನ್ನು ವೈದ್ಯರು ಹೇಳಬೇಕು. ಆದರೆ ಐದು ವರ್ಷ ಅವನ ಉಸಿರು ಆ ಕಂಬಳಿಯನ್ನು ಹಾದು ಬಂದಿತೆಂಬುದರಲ್ಲಿ ಸಂದೇಹವಿಲ್ಲ. ಮೋಸ ಮಾಡಿದವರ ಮೇಲೆ ನನಗೆ ಸಿಟ್ಟು ಬಂದುದು ನಿಜ. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಒಂದು ದಿನವಾದರೂ ನಾವು ಬಗ್ಗಿ ನೋಡಿರಲಿಲ್ಲ!

ಈ ಫಿಲ್ಟರಿನ ಕೆಲಸವೇನು? 1938ರಲ್ಲಿಯೇ ಅಮೆರಿಕದ ನ್ಯಾಶ್ ಎಂಬ ಕಾರಿನಲ್ಲಿ ಹೊರಗಿನ ಗಾಳಿಯನ್ನು ಸೋಸಿ ಒಳಗೆ ಬಿಡುವ ಏರ್ಪಾಟು ಬಂದಿದ್ದಿತು. ಈಗಿನ ಫಿಲ್ಟರು ಬೀಸಣಿಗೆಯಂತೆ ಮಡಿಸಿದ, ನೇಯದ ನೂಲಿನ ಹಾಳೆ. ಅದು ಬರಿಯ ಜರಡಿಯಲ್ಲ. ಅನೇಕ ಫಿಲ್ಟರುಗಳ ಎಳೆಗಳಲ್ಲಿ ಸ್ವಲ್ಪ ವಿದ್ಯುದಂಶವಿದ್ದು, ತೂತಿಗಿಂತ ಸಣ್ಣ ಕಣಗಳನ್ನೂ ಅವು ಸೆಳೆದು ಹಿಡಿಯುತ್ತವೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ, ಎದೆಯೊಳಕ್ಕೆ ಇಳಿಯುವ ಧೂಳು 10 ಮೈಕ್ರಾನಿಗಿಂತ ಚಿಕ್ಕದು. ಗಾಜು ಏರಿಸಿದರೂ ಫ್ಯಾನು ಎಳೆಯುವ ಗಾಳಿ ಸಾಮಾನ್ಯವಾಗಿ ಈ ಹಾಳೆಯನ್ನು ಹಾದೇ ಬರಬೇಕು. ಆದುದರಿಂದ ಮಾವನ ವಾದ ನಿಲ್ಲುವುದಿಲ್ಲ.

ಬದಲಾಯಿಸುವ ಬಗೆಯನ್ನು ಹೇಳಹೊರಟರೆ ನಾಲ್ಕು ವಾಕ್ಯಗಳೂ ಹೆಚ್ಚು. ಕೀಲಿ ತೆಗೆದು ಫ್ಯಾನನ್ನು ನಿಲ್ಲಿಸಬೇಕು. ಬಹುಪಾಲು ಕಾರುಗಳಲ್ಲಿ ಎಡಗಡೆಯ ಸಾಮಾನಿನ ಪೆಟ್ಟಿಗೆಯ ಹಿಂದೆ ಫಿಲ್ಟರು ಇರುತ್ತದೆ; ಪೆಟ್ಟಿಗೆಯನ್ನು ಬರಿದು ಮಾಡಿ ಎರಡೂ ಪಕ್ಕಗಳನ್ನು ಒಳಕ್ಕೆ ಒತ್ತಿದರೆ ಅದು ಕೆಳಗೆ ಜಾರುತ್ತದೆ. ಹಿಂದಿನ ಮುಚ್ಚಳವನ್ನು ಬಿಡಿಸಿ ಹಳೆಯದನ್ನು ಮೆಲ್ಲಗೆ ಎಳೆದು, ಗೂಡನ್ನು ಒರೆಸಿ, ಹೊಸದನ್ನು ಕೂಡಿಸಬೇಕು. ಅಂಚಿನ ಮೇಲಿನ ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗೆ ಇರಬೇಕು. ನಾನು ಮೊದಲು ತಲೆಕೆಳಗಾಗಿ ಕೂಡಿಸಿ, ಮಾವನಿಂದ ನಗಿಸಿಕೊಂಡು, ಮತ್ತೆ ತೆಗೆದೆನು. ತಪ್ಪೂ ಸೇರಿ ಕಾಲು ಗಂಟೆಯಾಯಿತು. ಕೆಲವು ಅಗ್ಗದ ಕಾರುಗಳಲ್ಲಿ ಗೂಡು ಮಾತ್ರ ಇದ್ದು ಫಿಲ್ಟರೇ ಇರುವುದಿಲ್ಲ; ಅದನ್ನು ತಿಳಿಯಲಿಕ್ಕೂ ಬಿಚ್ಚಿ ನೋಡಲೇಬೇಕು. ವರ್ಷಕ್ಕೊಮ್ಮೆ ಬದಲಾಯಿಸುವುದು ವಾಡಿಕೆ. ನಮ್ಮಂಥ ಧೂಳಿನ ನಾಡಿನಲ್ಲಿ ರಾಶಿ ಮುಗಿದ ಮೇಲೆ ಇನ್ನೊಮ್ಮೆ ನೋಡುವುದು ಲೇಸು.

ಇದಕ್ಕೆ ಎರಡು ಆಕ್ಷೇಪಗಳುಂಟು. ತೊಳೆದು ಮತ್ತೆ ಹಾಕಿದರೆ ಹಣ ಉಳಿಯದೇ ಎಂಬುದು ಮೊದಲನೆಯದು. ತೊಳೆದರೆ ಎಳೆಗಳ ಸೆಳೆಯುವ ಗುಣ ಕುಂದುತ್ತದೆ. ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ. ಕಂಪ್ರೆಸರಿನಿಂದ ಊದಿದರೆ ಹಾಳೆ ಹರಿಯುತ್ತದೆ, ಧೂಳು ಊದುವವನ ಮುಖಕ್ಕೇ ಬರುತ್ತದೆ. ಎರಡನೆಯದು, ನಾವೇ ಮಾಡಿಕೊಂಡರೆ ಮೆಕ್ಯಾನಿಕನ ಹೊಟ್ಟೆಯ ಪಾಡೇನು ಎಂಬ ಮರುಕದ ಮಾತು. ಎಂಜಿನ್ನು, ಬ್ರೇಕು ಅವನ ವಿದ್ಯೆ. ಅದಕ್ಕೆ ಅವನಿಗೆ ಕೂಲಿಯೂ ಗೌರವವೂ ಸಲ್ಲಬೇಕು. ಆದರೆ ಲಾಟೀನಿನ ಗಾಜನ್ನು ಬೂದಿಯಿಂದ ಉಜ್ಜಲು ನಮ್ಮ ಅಜ್ಜಿಯರು ಕೂಲಿಯಾಳನ್ನು ಕರೆಯುತ್ತಿದ್ದರೇ? ಇದೂ ಅಂಥದೇ ಮನೆಗೆಲಸ. ಕಾಯಕದ ಹಿರಿಮೆಯನ್ನು ಪರೀಕ್ಷೆಯಲ್ಲಿ ಎರಡು ಪುಟ ಬರೆಯುವ ನಾವು ಕೈಗೆ ಮಸಿ ಹತ್ತೀತೆಂದು ಹಿಂಜರಿಯುವುದು ಚೆಂದವಲ್ಲ.

ಸೋಸುವುದು ಅಲ್ಪ ಕೆಲಸವೆನ್ನುವವರು ನಮ್ಮ ನಾಡಿನ ನಾರುಹುಣ್ಣಿನ ಕಥೆಯನ್ನು ನೆನೆಯಬೇಕು. ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳಲ್ಲಿದ್ದ ಸಣ್ಣ ನೀರುಚಿಗಟಗಳ ಮೂಲಕ ಆ ಹುಳು ಮನುಷ್ಯನ ಹೊಟ್ಟೆ ಸೇರಿ, ಒಂದು ವರ್ಷದ ತರುವಾಯ ಗಜದುದ್ದ ಬೆಳೆದು ಕಾಲಿನಿಂದ ಹೊರಬರುತ್ತಿದ್ದಿತು. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಬಿತ್ತನೆಯ ಕಾಲಕ್ಕೆ ಒಕ್ಕಲಿಗರು ಹಾಸಿಗೆ ಹಿಡಿಯುತ್ತಿದ್ದರು. ಅದಕ್ಕೆ ಮದ್ದಿರಲಿಲ್ಲ, ಲಸಿಕೆಯಿರಲಿಲ್ಲ. ಬಾವಿಗಳ ಸುಧಾರಣೆಯೊಡನೆ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರೆಂದು ಮನೆಮನೆಗೆ ಹೇಳಿದುದೇ ಮುಖ್ಯ ಚಿಕಿತ್ಸೆಯಾಯಿತು. 1996ರಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ ಕಂಡುಬಂದನು. 2000ದಲ್ಲಿ ಭಾರತವು ಆ ರೋಗದಿಂದ ಮುಕ್ತವೆಂದು ಘೋಷಿತವಾಯಿತು. ಒಂದು ತುಂಡು ಬಟ್ಟೆ, ಅದನ್ನು ದಿನವೂ ನೋಡಿ ಒಗೆದಿಟ್ಟ ತಾಯಂದಿರ ಕೈ ಇಷ್ಟು ಸಾಧಿಸಿದವು. ಬಟ್ಟೆಯಿದ್ದರೆ ಸಾಲದು, ಅದು ಹರಿದಿದೆಯೇ ಎಂದು ನೋಡುವ ಕಣ್ಣೂ ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಹೊಸ ಫಿಲ್ಟರು ಹಾಕಿದ ಮರುದಿನ ನಾವು ಊರ ಹಾದಿಯಲ್ಲಿ ಹೋಗುವಾಗ ಹೊಲವೊಂದರಲ್ಲಿ ಯಂತ್ರ ಹಾಕಿ ತೊಗರಿ ರಾಶಿ ಮಾಡುತ್ತಿದ್ದರು. ಹೆಣ್ಣಾಳುಗಳು ಸೆರಗನ್ನು ಮೂಗಿಗೆ ಸುತ್ತಿಕೊಂಡು ಹೊಟ್ಟಿನ ಮೋಡದಲ್ಲಿ ನಿಂತಿದ್ದರು. ಅದರ ಮೇಲೆ ನಮ್ಮ ಕಾರಿನ ಗಾಲಿಗಳು ಎಬ್ಬಿಸಿದ ಧೂಳು ಬೇರೆ. ಗಾಜಿನೊಳಗೆ ನಮಗೆ ಸೋಸಿದ ಗಾಳಿ. ನಮ್ಮ ಬೇಳೆಯನ್ನು ಹಸನು ಮಾಡುವವರಿಗೆ ಸೀರೆಯ ಸೆರಗು. ಮಾವನು ತಾನಾಗಿಯೇ ವೇಗ ತಗ್ಗಿಸಿದನು. ತನ್ನ ಫಿಲ್ಟರನ್ನು ಬಿಚ್ಚಿ ನೋಡದೆ ಇದ್ದಿದ್ದರೆ ಅವನಿಗೆ ಅದು ಹೊಳೆಯುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ಆದುದರಿಂದ, ಮಿತ್ರರೇ, ಈ ರಜೆಯಲ್ಲಿ ಊರಿಗೆ ಹೋದಾಗ ಮನೆಯ ಕಾರಿನದೋ ನೆರೆಯವರ ಕಾರಿನದೋ ಫಿಲ್ಟರನ್ನು ಒಮ್ಮೆ ತೆಗೆದು ನೋಡಿರಿ. ಹೊಸದನ್ನು ಕೊಳ್ಳಲು ಅಂಗಡಿಗೆ ಹೋದಾಗ, ನಿಮ್ಮ ಹೊಲದಲ್ಲಿ ರಾಶಿ ಮಾಡುವವರಿಗೂ ಮೂಗು ಬಾಯಿ ಮುಚ್ಚುವ ಒಳ್ಳೆಯ ಮುಖಗವಸುಗಳನ್ನು ಮರೆಯದೆ ತನ್ನಿರಿ.